ಬಣ್ಣಗಳ ಬೆನ್ನು ಹತ್ತಿದ ಸರ್ ಸಿ. ವಿ. ರಾಮನ್

ರಾಷ್ಟ್ರೀಯ ವಿಜ್ಞಾನ ದಿನದ ಸಂಚಿಕೆಗೆ ಒಬ್ಬ ವಿಜ್ಞಾನಿಯ ಜೀವನ ಬರೆದುಕೊಡಬೇಕೆಂದು ನಮ್ಮ ಭೌತಶಾಸ್ತ್ರದ ಸರ್ ಹೇಳಿದಾಗ, ನಾನು ಒಂದು ಕ್ಷಣವೂ ಯೋಚಿಸದೆ ಸರ್ ಸಿ. ವಿ. ರಾಮನ್ ಅವರ ಹೆಸರು ಹೇಳಿದೆ. ಅವರು ನೊಬೆಲ್ ಪ್ರಶಸ್ತಿ ಪಡೆದವರು ಎಂಬುದಷ್ಟೇ ಕಾರಣವಲ್ಲ. ಕಾರಣ ಸಂತೆಕಲ್ಲೂರಿನಲ್ಲಿರುವ ನಮ್ಮ ಚಾಚಾ ಅವರ ಬಟ್ಟೆ ಅಂಗಡಿ ಮತ್ತು ನಾನು ಅಲ್ಲಿ ಮಾಡಿದ ಒಂದು ತಪ್ಪು. ಅದನ್ನು ಮೊದಲು ಹೇಳಿಬಿಡುತ್ತೇನೆ.

ಚಾಚಾ ಇಳಕಲ್ ಸೀರೆ, ಖಣ, ಡ್ರೆಸ್ ಬಟ್ಟೆ ಮಾರುತ್ತಾರೆ. ಈಗ ಜನ ಮಸ್ಕಿ, ಸಿಂಧನೂರು, ಲಿಂಗಸುಗೂರಿಗೆ ಹೋಗಿ ಕೊಳ್ಳುತ್ತಾರೆ, ಇಲ್ಲವೇ ಮೊಬೈಲಿನಲ್ಲೇ ತರಿಸಿಕೊಳ್ಳುತ್ತಾರೆ. ಹಾಗಾಗಿ ಅಂಗಡಿಗೂ ಒಂದು ವೆಬ್‌ಸೈಟ್ ಇರಲಿ ಎಂದು ಹೋದ ವರ್ಷ ಮನೆಯಲ್ಲಿ ಮಾತಾಯಿತು. ಮನೆಯಲ್ಲಿ ಕಂಪ್ಯೂಟರ್ ತಿಳಿದವಳು ನಾನೊಬ್ಬಳೇ. ನಾನು ಬಣ್ಣಗಳ ಮನಶ್ಶಾಸ್ತ್ರ ಎಂದು ಬರೆದಿದ್ದ ಒಂದು ಪಟ್ಟಿಯನ್ನು ಬಾಯಿಪಾಠ ಮಾಡಿಕೊಂಡೆ. ಕೆಂಪು ಎಂದರೆ ಅವಸರ, ನೀಲಿ ಎಂದರೆ ನಂಬಿಕೆ, ಹಸಿರು ಎಂದರೆ ಆರೋಗ್ಯ, ಹಳದಿ ಎಂದರೆ ಗಮನ. ಕೆಂಪು ಕಂಡರೆ ಗಿರಾಕಿ ಬೇಗ ಕೊಳ್ಳುತ್ತಾನೆ ಎಂದು ಪುಟದ ಹಿನ್ನೆಲೆಯನ್ನೆಲ್ಲ ಕಡುಗೆಂಪು ಮಾಡಿದೆ. ಅದರ ಮೇಲೆ ಹಳದಿ ಅಕ್ಷರ ಇಟ್ಟೆ. ಅಂಗಡಿಯೊಳಗೆ ಎಲ್‌ಇಡಿ ಬೆಳಕಿನಲ್ಲಿ ಸೀರೆಗಳ ಫೋಟೋ ತೆಗೆದು, ಫೋನಿನ ಫಿಲ್ಟರ್ ಹಾಕಿ ಇನ್ನಷ್ಟು ಮಿರಮಿರ ಮಿಂಚುವಂತೆ ಮಾಡಿದೆ.

ಮೊದಲ ತಿಂಗಳಲ್ಲಿ ಬಂದದ್ದು ಕೆಲವೇ ಆರ್ಡರ್. ಅದರಲ್ಲಿ ಒಂದು ಲಿಂಗಸುಗೂರಿನ ಕಡೆಯ ಒಂದು ಮನೆಯದು, ನಿಶ್ಚಿತಾರ್ಥಕ್ಕೆ ಬೇಕಾದ ದಾಳಿಂಬರಿ ಬಣ್ಣದ ಸೀರೆ. ಅವರು ಪರದೆಯ ಮೇಲೆ ಕಂಡ ಬಣ್ಣಕ್ಕೆ ಹೊಂದುವ ಕುಪ್ಪಸವನ್ನು ಮೊದಲೇ ಹೊಲಿಸಿಟ್ಟುಕೊಂಡಿದ್ದರು. ಸೀರೆ ತಲುಪಿದಾಗ ಬಣ್ಣ ಬೇರೆಯೇ ಆಗಿತ್ತು. ಹೇಳಿದ್ದೊಂದು, ಕಳಿಸಿದ್ದೊಂದು ಎಂದು ಅವರು ಫೋನಿನಲ್ಲಿ ನೊಂದುಕೊಂಡರು. ಚಾಚಾ ಎದುರು ಮಾತಾಡಲಿಲ್ಲ. ಸೀರೆಯ ಹಣ, ಹೋಗಿ ಬರುವ ಪಾರ್ಸೆಲ್ ಖರ್ಚು, ಕುಪ್ಪಸದ ಹೊಲಿಗೆ, ಎಲ್ಲವನ್ನೂ ಕೊಟ್ಟರು. ನನ್ನನ್ನೂ ಬೈಯಲಿಲ್ಲ. ಆದರೆ ಅಂಗಡಿ ತೆರೆದ ದಿನದಿಂದ ಇಂಥ ಮಾತು ತಾವು ಕೇಳಿರಲಿಲ್ಲ ಎಂದು ಅಬ್ಬಾ ಅವರ ಹತ್ತಿರ ಮೆಲ್ಲಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಮರುದಿನ ನಾನು ಇದನ್ನು ನಮ್ಮ ಸರ್ ಹತ್ತಿರ ಹೇಳಿಕೊಂಡೆ. ಅವರು ನನಗೆ ಬಣ್ಣದ ಪಟ್ಟಿ ಕೊಡಲಿಲ್ಲ, ಗ್ರಂಥಾಲಯದಿಂದ ರಾಮನ್ ಅವರ ಜೀವನದ ಪುಸ್ತಕ ತೆಗೆದುಕೊಟ್ಟರು. ಓದಿದ ಮೇಲೆ ನನಗೆ ತಿಳಿದದ್ದು ಇದು: ಆ ಮನುಷ್ಯ ಬದುಕಿನುದ್ದಕ್ಕೂ ಮಾಡಿದ್ದು ಒಂದೇ ಕೆಲಸ, ಬಣ್ಣವನ್ನು ಸ್ವತಃ ನೋಡುವುದು. ಈಗ ಅವರ ಜೀವನಕ್ಕೆ ಬರುತ್ತೇನೆ.

ಚಂದ್ರಶೇಖರ ವೆಂಕಟರಾಮನ್ ಹುಟ್ಟಿದ್ದು 1888ರ ನವೆಂಬರ್ 7ರಂದು, ತಿರುಚಿನಾಪಳ್ಳಿಯಲ್ಲಿ. ತಂದೆ ಗಣಿತ ಮತ್ತು ಭೌತಶಾಸ್ತ್ರ ಕಲಿಸುವ ಉಪನ್ಯಾಸಕರು. ಅವರಿಗೆ ವಿಶಾಖಪಟ್ಟಣದ ಕಾಲೇಜಿನಲ್ಲಿ ಕೆಲಸ ಸಿಕ್ಕಿದ್ದರಿಂದ ಮಗನ ಬಾಲ್ಯ ಸಮುದ್ರದ ದಂಡೆಯ ಆ ಊರಿನಲ್ಲಿ ಕಳೆಯಿತು. ಮನೆ ತುಂಬ ಪುಸ್ತಕಗಳಿದ್ದವು. ಹುಡುಗ 11ನೇ ವಯಸ್ಸಿಗೆ ಮೆಟ್ರಿಕ್ ಮುಗಿಸಿದ. ಈಗಿನ ನಮ್ಮ ಪಿಯುಸಿಗೆ ಸಮನಾದ ಪರೀಕ್ಷೆಯನ್ನು 13ಕ್ಕೇ ಪಾಸು ಮಾಡಿದ. ನಾವು ಆ ವಯಸ್ಸಿನಲ್ಲಿ ಎಂಟನೇ ತರಗತಿಯಲ್ಲಿದ್ದೆವು ಎಂದು ನೆನೆದರೆ ನಗು ಬರುತ್ತದೆ, ಸ್ವಲ್ಪ ನಾಚಿಕೆಯೂ ಆಗುತ್ತದೆ.

ಮುಂದೆ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು. 1904ರಲ್ಲಿ ಬಿ.ಎ., ಮೊದಲ ಸ್ಥಾನ ಮತ್ತು ಚಿನ್ನದ ಪದಕ. 1907ರಲ್ಲಿ ಎಂ.ಎ. ಈ ನಡುವೆ, 1906ರಲ್ಲಿ, ಅವರ ಮೊದಲ ಸಂಶೋಧನಾ ಲೇಖನ ಲಂಡನ್ನಿನ ಫಿಲಾಸಫಿಕಲ್ ಮ್ಯಾಗಜೀನ್‌ನಲ್ಲಿ ಅಚ್ಚಾಯಿತು. ಆಗ ಅವರಿಗೆ 18 ವರ್ಷ. ವಿಷಯ ಬೆಳಕಿನದೇ. ಸಣ್ಣ ಕಿಂಡಿಯೊಂದರ ಮೂಲಕ ಓರೆಯಾಗಿ ಹಾಯುವ ಬೆಳಕು ಹೇಗೆ ಪಟ್ಟೆ ಪಟ್ಟೆಯಾಗಿ ಹರಡುತ್ತದೆ ಎಂಬುದನ್ನು ಅವರು ಕಾಲೇಜಿನ ಪ್ರಯೋಗಾಲಯದಲ್ಲೇ ಗಮನಿಸಿದ್ದರು. ನಾವೂ ಸ್ಪೆಕ್ಟ್ರೋಮೀಟರ್ ಮುಂದೆ ಕೂರುತ್ತೇವೆ. ರೀಡಿಂಗ್ ಬಂದರೆ ಸಾಕೆಂದು ಬರೆದುಕೊಂಡು ಎದ್ದುಬಿಡುತ್ತೇವೆ.

ಹೆಚ್ಚಿನ ಓದಿಗೆ ಇಂಗ್ಲೆಂಡಿಗೆ ಹೋಗಬಹುದಿತ್ತು. ಆದರೆ ಅಲ್ಲಿಯ ಹವೆ ಈ ಸೊರಗಿದ ದೇಹಕ್ಕೆ ಒಗ್ಗದು ಎಂದು ಸರ್ಕಾರಿ ವೈದ್ಯರು ತಡೆದರು. ಆ ಕಾಲದಲ್ಲಿ ವಿಜ್ಞಾನವನ್ನೇ ನಂಬಿ ಬದುಕುವ ದಾರಿ ಭಾರತೀಯರಿಗೆ ಕಡಿಮೆ. ರಾಮನ್ ಹಣಕಾಸು ಇಲಾಖೆಯ ಪರೀಕ್ಷೆ ಬರೆದು ಮೊದಲ ಸ್ಥಾನ ಪಡೆದರು. ಅದೇ 1907ರಲ್ಲಿ ಲೋಕಸುಂದರಿ ಅವರನ್ನು ಮದುವೆಯಾಗಿ, ಸಹಾಯಕ ಅಕೌಂಟೆಂಟ್ ಜನರಲ್ ಆಗಿ ಕಲ್ಕತ್ತೆಗೆ ಹೋದರು. ವಯಸ್ಸು ಇನ್ನೂ 19 ತುಂಬಿರಲಿಲ್ಲ.

ಲೆಕ್ಕಪತ್ರದ ಕೆಲಸದಲ್ಲಿ ಮುಳುಗಿಹೋಗಿದ್ದರೆ ಇವತ್ತು ಅವರ ಹೆಸರು ಯಾರಿಗೂ ಗೊತ್ತಿರುತ್ತಿರಲಿಲ್ಲ. ಒಂದು ದಿನ ಟ್ರಾಮಿನಲ್ಲಿ ಹೋಗುವಾಗ ಬೌಬಜಾರ್ ರಸ್ತೆಯಲ್ಲಿ ಒಂದು ಬೋರ್ಡು ಕಣ್ಣಿಗೆ ಬಿತ್ತು. ಅದು ಭಾರತೀಯ ವಿಜ್ಞಾನ ಪ್ರಸಾರ ಸಂಘದ ಬೋರ್ಡು. 1876ರಲ್ಲಿ ಡಾಕ್ಟರ್ ಮಹೇಂದ್ರಲಾಲ್ ಸರ್ಕಾರ್ ಕಟ್ಟಿದ ಸಂಸ್ಥೆ. ಉಪಕರಣಗಳಿದ್ದವು, ಬಳಸುವವರಿರಲಿಲ್ಲ. ಅಲ್ಲಿನ ಸಹಾಯಕ ಆಶುತೋಷ್ ದೇ ಬಾಗಿಲು ತೆರೆದರು. ಆತ ಮುಂದೆ ಬಹಳ ವರ್ಷ ರಾಮನ್ ಅವರ ಕೈಯಾಳಾಗಿ, ಜೊತೆಗಾರನಾಗಿ ದುಡಿದರು. ಆಫೀಸಿಗೆ ಹೋಗುವ ಮೊದಲು ಬೆಳಗ್ಗೆ, ಆಫೀಸು ಮುಗಿದ ಮೇಲೆ ರಾತ್ರಿಯವರೆಗೆ, ರಜೆಯ ದಿನ ಪೂರ್ತಿ ರಾಮನ್ ಅಲ್ಲೇ ಇರುತ್ತಿದ್ದರು. ನಡುವೆ ರಂಗೂನಿಗೆ, ನಾಗಪುರಕ್ಕೆ ವರ್ಗವಾದಾಗಲೂ ಪ್ರಯೋಗ ನಿಲ್ಲಿಸಲಿಲ್ಲ. ಆ ವರ್ಷಗಳಲ್ಲಿ ಹೆಚ್ಚಾಗಿ ನಾದದ ಮೇಲೆ ಕೆಲಸ ಮಾಡಿದರು. ಪಿಟೀಲು, ವೀಣೆ, ಮೃದಂಗ, ತಬಲಾ. ತಬಲಾದ ನಡುವಿನ ಕಪ್ಪು ಕರಣೆ ಸುಮ್ಮನೆ ಅಲಂಕಾರಕ್ಕಲ್ಲ, ಆ ವಾದ್ಯಕ್ಕೆ ಸ್ವರ ಬರುವುದೇ ಅದರಿಂದ ಎಂದು ತೋರಿಸಿಕೊಟ್ಟರು.

1917ರಲ್ಲಿ ಅಶುತೋಷ್ ಮುಖರ್ಜಿ ಅವರು ಕಲ್ಕತ್ತಾ ವಿಶ್ವವಿದ್ಯಾಲಯದ ಪಾಲಿತ್ ಪ್ರಾಧ್ಯಾಪಕ ಹುದ್ದೆಗೆ ಕರೆದರು. ಸರ್ಕಾರಿ ನೌಕರಿಗಿಂತ ಸಂಬಳ ಬಹಳ ಕಡಿಮೆ. ರಾಮನ್ ಆ ದೊಡ್ಡ ನೌಕರಿಗೆ ರಾಜೀನಾಮೆ ಕೊಟ್ಟು ಮೇಷ್ಟ್ರಾದರು. ನಮ್ಮ ಮನೆಗಳಲ್ಲಿ ಯಾರಾದರೂ ಹೀಗೆ ಮಾಡಿದರೆ ಏನಾಗುತ್ತದೆ ಎಂದು ನೀವೇ ಊಹಿಸಿ.

ಈಗ ನನ್ನನ್ನು ಹಿಡಿದು ನಿಲ್ಲಿಸಿದ ಪ್ರಸಂಗ. 1921ರಲ್ಲಿ ರಾಮನ್ ವಿಶ್ವವಿದ್ಯಾಲಯಗಳ ಸಮ್ಮೇಳನಕ್ಕೆಂದು ಮೊದಲ ಬಾರಿಗೆ ಇಂಗ್ಲೆಂಡಿಗೆ ಹೋದರು. ತಿರುಗಿ ಬರುವಾಗ ಎಸ್.ಎಸ್. ನಾರ್ಕುಂಡಾ ಎಂಬ ಹಡಗು. ಮೆಡಿಟರೇನಿಯನ್ ಸಮುದ್ರದ ಗಾಢ ನೀಲಿ ಅವರನ್ನು ಸೆಳೆಯಿತು. ಸಮುದ್ರ ನೀಲಿಯಾಗಿರುವುದು ಏಕೆ ಎಂಬುದಕ್ಕೆ ಆಗ ಒಂದು ಸಿದ್ಧ ಉತ್ತರವಿತ್ತು. ಅದು ಆಕಾಶದ ಪ್ರತಿಬಿಂಬ, ಅಷ್ಟೇ. ಹೇಳಿದವರು ಸಾಮಾನ್ಯರಲ್ಲ, ಆಕಾಶದ ನೀಲಿಯ ಗುಟ್ಟನ್ನು ಬಿಡಿಸಿದ್ದ ಲಾರ್ಡ್ ರ‍್ಯಾಲೆ. ಅಷ್ಟು ದೊಡ್ಡವರು ಹೇಳಿದ ಮೇಲೆ ಮತ್ತೇನು ಎಂದು ಬೇರೆ ಯಾರಾದರೂ ಕುರ್ಚಿಯಲ್ಲಿ ಒರಗಿಬಿಡುತ್ತಿದ್ದರು. ರಾಮನ್ ಹತ್ತಿರ ನಿಕೋಲ್ ಪ್ರಿಸಮ್ ಎಂಬ ಪುಟ್ಟ ಸಾಧನವಿತ್ತು. ನೀರಿನ ಮೇಲ್ಮೈಯಿಂದ ಒಂದು ನಿರ್ದಿಷ್ಟ ಕೋನದಲ್ಲಿ ಪ್ರತಿಫಲಿಸಿ ಬರುವ ಬೆಳಕನ್ನು ಅದು ತಡೆಯಬಲ್ಲದು. ಅದನ್ನು ಕಣ್ಣಿಗಿಟ್ಟು, ತಿರುಗಿಸಿ, ಆಕಾಶದ ಪ್ರತಿಬಿಂಬವನ್ನು ಅಳಿಸಿ ನೋಡಿದರು. ರ‍್ಯಾಲೆ ಅವರ ಮಾತು ನಿಜವಾಗಿದ್ದರೆ ನೀಲಿ ಮಾಯವಾಗಬೇಕಿತ್ತು. ಮಾಯವಾಗಲಿಲ್ಲ, ಇನ್ನೂ ತುಂಬಿಕೊಂಡು ಕಂಡಿತು. ಅಂದರೆ ನೀಲಿ ನೀರಿನೊಳಗಿಂದಲೇ ಬರುತ್ತಿದೆ. ನೀರಿನ ಕಣಗಳೇ ಬೆಳಕನ್ನು ಚದುರಿಸುತ್ತಿವೆ. ಹಡಗು ಬೊಂಬಾಯಿ ಬಂದರು ಮುಟ್ಟುವಷ್ಟರಲ್ಲಿ ಈ ವಿಚಾರವನ್ನು ನೇಚರ್ ಪತ್ರಿಕೆಗೆ ಬರೆದು ಮುಗಿಸಿದ್ದರು.

ಈ ಪುಟ ಓದುವಾಗ ನನಗೆ ನನ್ನ ಬಣ್ಣದ ಪಟ್ಟಿ ನೆನಪಾಯಿತು. ನೀಲಿ ಎಂದರೆ ನಂಬಿಕೆ ಎಂದು ಯಾರೋ ಹೇಳಿದರು, ನಾನು ನಂಬಿದೆ. ಒಂದು ಸಲವಾದರೂ ಪ್ರಿಸಮ್ ಕಣ್ಣಿಗಿಡಲಿಲ್ಲ.

ಸಮುದ್ರದ ನೀಲಿಯಿಂದ ಹುಟ್ಟಿದ ಪ್ರಶ್ನೆಯನ್ನು ಅವರು ಏಳು ವರ್ಷ ಬಿಡಲಿಲ್ಲ. ದ್ರವಗಳಲ್ಲಿ ಬೆಳಕು ಚದುರುವಾಗ ಅದರ ಬಣ್ಣ ಸ್ವಲ್ಪವಾದರೂ ಬದಲಾಗುತ್ತದೆಯೇ? ಇದನ್ನು ಪರೀಕ್ಷಿಸಿದ ವಿಧಾನ ಎಷ್ಟು ಸರಳ ನೋಡಿ. ಸೂರ್ಯನ ಬೆಳಕನ್ನು ದೊಡ್ಡ ಮಸೂರದಿಂದ ಒಟ್ಟುಗೂಡಿಸಿ, ನೇರಳೆ-ನೀಲಿ ಬಣ್ಣದ ಗಾಜಿನ ಮೂಲಕ ಶುದ್ಧ ದ್ರವದೊಳಕ್ಕೆ ಬಿಡುವುದು. ದ್ರವದಿಂದ ಚದುರಿದ ಬೆಳಕನ್ನು ಹಸಿರು ಗಾಜಿನ ಮೂಲಕ ನೋಡುವುದು. ಮೊದಲ ಗಾಜು ದಾಟಿದ ಬೆಳಕಿಗೆ ಎರಡನೆಯದನ್ನು ದಾಟಲಾಗದು. ಆದ್ದರಿಂದ ಕತ್ತಲೆ ಕಾಣಬೇಕು. ಆದರೆ ಮಂದವಾದ ಒಂದು ಬೆಳಕು ಕಂಡಿತು. ದ್ರವದ ಅಣುಗಳ ಜೊತೆ ಶಕ್ತಿಯ ಕೊಡುಕೊಳ್ಳುವಿಕೆ ನಡೆದು ಬೆಳಕಿನ ಬಣ್ಣವೇ ಬದಲಾಗಿತ್ತು. ಶಿಷ್ಯ ಕೆ. ಎಸ್. ಕೃಷ್ಣನ್ ಅವರ ಜೊತೆ ಸುಮಾರು 60 ದ್ರವಗಳನ್ನು ಪರೀಕ್ಷಿಸಿದರು. 1928ರ ಫೆಬ್ರವರಿ 28ರಂದು ವರ್ಣದರ್ಶಕದಲ್ಲಿ ಹೊಸ ಗೆರೆಗಳು ಸ್ಪಷ್ಟವಾದವು. ಅದೇ ರಾಮನ್ ಪರಿಣಾಮ. ಅದರ ನೆನಪಿಗೇ ನಾವು 1987ರಿಂದ ಆ ದಿನವನ್ನು ರಾಷ್ಟ್ರೀಯ ವಿಜ್ಞಾನ ದಿನವಾಗಿ ಆಚರಿಸುವುದು. ಈ ಶೋಧದ ಬಗ್ಗೆ ಅವರು ವಿವರವಾದ ಉಪನ್ಯಾಸ ಕೊಟ್ಟದ್ದು ನಮ್ಮ ಬೆಂಗಳೂರಿನಲ್ಲಿ, 1928ರ ಮಾರ್ಚ್ 16ರಂದು ಎಂಬುದು ಕನ್ನಡ ನಾಡಿನ ನಮಗೆ ಹೆಮ್ಮೆ.

1930ರಲ್ಲಿ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು. ವಿಜ್ಞಾನದಲ್ಲಿ ಅದನ್ನು ಪಡೆದ ಮೊದಲ ಏಷ್ಯಾದವರು ಅವರು. ಇವತ್ತು ಔಷಧ ಕಾರ್ಖಾನೆಯಲ್ಲಿ ಮಾತ್ರೆ ಪರೀಕ್ಷಿಸಲು, ರತ್ನ ಅಸಲಿಯೋ ನಕಲಿಯೋ ನೋಡಲು, ಹಳೆಯ ಚಿತ್ರಗಳಲ್ಲಿ ಯಾವ ಬಣ್ಣ ಬಳಸಿದ್ದಾರೆಂದು ತಿಳಿಯಲು ಇದೇ ವಿಧಾನ ಬಳಸುತ್ತಾರೆ.

1933ರಲ್ಲಿ ರಾಮನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ನಿರ್ದೇಶಕರಾಗಿ ಬಂದರು. ಆ ಸ್ಥಾನಕ್ಕೆ ಬಂದ ಮೊದಲ ಭಾರತೀಯರು. ಅಲ್ಲಿಂದ ಸಾಯುವವರೆಗೆ, 37 ವರ್ಷ, ಅವರು ಕರ್ನಾಟಕದವರೇ ಆಗಿ ಉಳಿದರು. 1934ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿ ಕಟ್ಟಿದರು. ಅದಕ್ಕೆ ಮೈಸೂರು ಮಹಾರಾಜರು ಜಮೀನು ಕೊಟ್ಟರು.

ಅವರನ್ನು ದೇವರಂತೆ ಚಿತ್ರಿಸುವುದು ನನಗೆ ಇಷ್ಟವಿಲ್ಲ. ಅವರ ಮಾತು ಕಟುವಾಗಿತ್ತು, ಅಹಂಕಾರವೂ ಇತ್ತು. ಆಡಳಿತದಲ್ಲಿ ಜಗಳಗಳಾಗಿ 1937ರಲ್ಲಿ ನಿರ್ದೇಶಕ ಸ್ಥಾನ ಬಿಡಬೇಕಾಯಿತು. ನಂತರ ಪ್ರಾಧ್ಯಾಪಕರಾಗಿ ಅಲ್ಲೇ ಮುಂದುವರಿದರು. ವಿದ್ಯಾರ್ಥಿನಿಯಾಗಿ ನನಗೆ ಹೆಚ್ಚು ನೋವು ತಂದದ್ದು ಇನ್ನೊಂದು ಸಂಗತಿ. 1933ರಲ್ಲಿ ಕಮಲಾ ಭಾಗವತ್ ಎಂಬ ಹುಡುಗಿ ಸಂಸ್ಥೆಗೆ ಸೇರಲು ಬಂದಾಗ, ಹೆಣ್ಣು ಎಂಬ ಒಂದೇ ಕಾರಣಕ್ಕೆ ರಾಮನ್ ಬೇಡವೆಂದರು. ಆಕೆ ಅಷ್ಟಕ್ಕೆ ಸುಮ್ಮನಾಗಲಿಲ್ಲ. ಪಟ್ಟು ಹಿಡಿದು ಕೂತಳು. ಒಂದು ವರ್ಷ ಪರೀಕ್ಷೆಗೆಂದು ಷರತ್ತು ಹಾಕಿ ಸೇರಿಸಿಕೊಂಡರು. ವರ್ಷದ ನಂತರ ಆಕೆಯ ಕೆಲಸ ನೋಡಿ ಅವರ ಮನಸ್ಸು ಬದಲಾಯಿತು, ಮುಂದೆ ಹೆಣ್ಣುಮಕ್ಕಳಿಗೆ ಅಲ್ಲಿ ದಾರಿಯಾಯಿತು. ಕಮಲಾ ಸೊಹೊನಿ ಎಂದು ಪ್ರಸಿದ್ಧರಾದವರು ಇವರೇ. 1940ರ ನಂತರ ಅಣ್ಣಾ ಮಣಿ ಅವರು ರಾಮನ್ ಅವರ ಪ್ರಯೋಗಾಲಯದಲ್ಲೇ ವಜ್ರ ಮತ್ತು ಮಾಣಿಕ್ಯಗಳ ಬೆಳಕಿನ ಮೇಲೆ ಕೆಲಸ ಮಾಡಿದರು, ಮುಂದೆ ದೇಶದ ದೊಡ್ಡ ಹವಾಮಾನ ವಿಜ್ಞಾನಿಯಾದರು. ಸಮುದ್ರದ ವಿಷಯದಲ್ಲಿ ಬೇರೆಯವರ ಮಾತನ್ನು ಪರೀಕ್ಷಿಸದೆ ನಂಬದ ಮನುಷ್ಯ, ಹೆಣ್ಣುಮಕ್ಕಳ ವಿಷಯದಲ್ಲಿ ಮಾತ್ರ ಸಮಾಜದ ಮಾತನ್ನು ಪರೀಕ್ಷಿಸದೆ ನಂಬಿದ್ದರು. ಕಣ್ಣಾರೆ ಕಂಡ ಮೇಲೆ ತಿದ್ದಿಕೊಂಡರು. ತಿದ್ದಿಕೊಂಡದ್ದನ್ನು ನಾನು ನೆನಪಿಡುತ್ತೇನೆ, ತಿದ್ದಿಸಿದ ಆ ಹುಡುಗಿಯನ್ನು ಇನ್ನೂ ಹೆಚ್ಚು ನೆನಪಿಡುತ್ತೇನೆ.

1948ರಲ್ಲಿ ನಿವೃತ್ತರಾಗಿ, ಮಹಾರಾಜರು ಕೊಟ್ಟ ಆ ಜಾಗದಲ್ಲಿ ತಮ್ಮದೇ ಸಂಸ್ಥೆ ತೆರೆದರು. ಅದೇ ರಾಮನ್ ಸಂಶೋಧನಾ ಸಂಸ್ಥೆ. ಸರ್ಕಾರದ ಹಣ ತೆಗೆದುಕೊಂಡರೆ ಸರ್ಕಾರ ಹೇಳಿದಂತೆ ಕೇಳಬೇಕಾಗುತ್ತದೆ ಎಂದು ಅದನ್ನು ದೂರವಿಟ್ಟು, ಊರೂರು ತಿರುಗಿ ದಾನಿಗಳಿಂದ ಹಣ ಕೂಡಿಸಿದರು. 1954ರಲ್ಲಿ ಭಾರತರತ್ನ ಬಂತು.

ಆ ಸಂಸ್ಥೆಯಲ್ಲಿ ಅವರು ಕಟ್ಟಿದ್ದು ಬಣ್ಣಗಳ ಲೋಕ. ವಜ್ರ, ಓಪಲ್, ಮುತ್ತಿನ ಚಿಪ್ಪು, ನವಿಲುಗರಿ, ಚಿಟ್ಟೆ, ಜೀರುಂಡೆ, ಹೊಳೆಯುವ ಕಲ್ಲು ಎಲ್ಲವನ್ನೂ ಕೂಡಿಹಾಕಿದರು. ಸುತ್ತ ಗುಲಾಬಿ ತೋಟ ಬೆಳೆಸಿದರು. ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಕೈಯಲ್ಲಿ ಪುಟ್ಟ ವರ್ಣದರ್ಶಕ ಹಿಡಿದು ಹೂವಿನಿಂದ ಹೂವಿಗೆ ಹೋಗಿ, ಈ ಕೆಂಪಿನಲ್ಲಿ ಯಾವ ಯಾವ ಬೆಳಕಿದೆ, ಆ ನೇರಳೆಯಲ್ಲಿ ಯಾವುದು ಇಲ್ಲ ಎಂದು ನೋಡುತ್ತಿದ್ದರು. ಬಣ್ಣ ವಸ್ತುವಿನಲ್ಲಿದೆಯೋ, ಬೆಳಕಿನಲ್ಲಿದೆಯೋ, ನೋಡುವ ಕಣ್ಣಿನಲ್ಲಿದೆಯೋ ಎಂಬುದು ಅವರ ಕೊನೆಯ ದೊಡ್ಡ ಪ್ರಶ್ನೆ. 1963ರಿಂದ ಇದರ ಬಗ್ಗೆ ಸಾಲಾಗಿ ಲೇಖನ ಬರೆದರು. 1968ರಲ್ಲಿ ದೃಷ್ಟಿಯ ಕುರಿತ ದೊಡ್ಡ ಪುಸ್ತಕ ಹೊರತಂದರು.

ಈ ಪ್ರಶ್ನೆ ಬಹಳ ಹಳೆಯದು. ಸುಮಾರು ಸಾವಿರ ವರ್ಷಗಳ ಹಿಂದೆ ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದ ಇಬ್ನ್ ಅಲ್-ಹೈಥಮ್ ತಮ್ಮ ಕಿತಾಬ್ ಅಲ್-ಮನಾಝಿರ್ ಗ್ರಂಥದಲ್ಲಿ ಇದನ್ನೇ ಚರ್ಚಿಸಿದ್ದಾರೆ. ಕಣ್ಣಿನಿಂದ ಕಿರಣ ಹೊರಡುವುದಿಲ್ಲ, ವಸ್ತುವಿನಿಂದ ಬೆಳಕು ಕಣ್ಣಿಗೆ ಬರುತ್ತದೆ ಎಂದು ಪ್ರಯೋಗ ಮಾಡಿ ಹೇಳಿದವರು ಅವರು. ಒಂದೇ ಬಣ್ಣ ಬೇರೆ ಬೆಳಕಿನಲ್ಲಿ ಬೇರೆಯಾಗಿ, ಬೇರೆ ಬಣ್ಣದ ಪಕ್ಕದಲ್ಲಿ ಬೇರೆಯಾಗಿ ಕಾಣುತ್ತದೆ ಎಂಬುದನ್ನೂ ಅವರು ಗಮನಿಸಿದ್ದರು. ನಾನು ಇದನ್ನು ಮೊದಲೇ ಓದಿದ್ದರೆ ಕೆಂಪು ಹಿನ್ನೆಲೆಯ ಮೇಲೆ ದಾಳಿಂಬರಿ ಸೀರೆ ಇಡುತ್ತಿರಲಿಲ್ಲ.

ಇಲ್ಲಿ ಒಂದು ಸತ್ಯ ಹೇಳಲೇಬೇಕು. ದೃಷ್ಟಿಯ ಬಗ್ಗೆ ರಾಮನ್ ಮಂಡಿಸಿದ ಸಿದ್ಧಾಂತವನ್ನು ವಿಜ್ಞಾನ ಲೋಕ ಒಪ್ಪಲಿಲ್ಲ. ನಮ್ಮ ಕಣ್ಣಿನಲ್ಲಿ ಮೂರು ಬಗೆಯ ಗ್ರಾಹಕ ಕೋಶಗಳಿವೆ, ಅವುಗಳ ಮಿಶ್ರಣದಿಂದಲೇ ಎಲ್ಲ ಬಣ್ಣ ಕಾಣುತ್ತವೆ ಎಂಬ 19ನೇ ಶತಮಾನದ ವಿಚಾರವನ್ನು ಅವರು ತಳ್ಳಿಹಾಕಿದ್ದರು. ಆದರೆ 1964ರಲ್ಲಿ ಅಮೆರಿಕದ ವಿಜ್ಞಾನಿಗಳು ಕಣ್ಣಿನ ಕೋಶಗಳನ್ನು ಒಂದೊಂದಾಗಿ ಅಳೆದು ಮೂರು ಬಗೆ ಇರುವುದನ್ನು ತೋರಿಸಿದರು. ನಮ್ಮ ಮೊಬೈಲ್ ಪರದೆಯೂ ಅದಕ್ಕೆ ಸಾಕ್ಷಿ. ಅಲ್ಲಿರುವುದು ಕೆಂಪು, ಹಸಿರು, ನೀಲಿ ಎಂಬ ಮೂರೇ ಬಣ್ಣದ ಚುಕ್ಕಿಗಳು. ಒಂದೊಂದಕ್ಕೂ 256 ಮಟ್ಟ ಕೊಟ್ಟು ಸುಮಾರು 1 ಕೋಟಿ 67 ಲಕ್ಷ ಬಣ್ಣ ಹುಟ್ಟಿಸುತ್ತಾರೆ. ಇಷ್ಟು ದೊಡ್ಡ ವಿಜ್ಞಾನಿ ತಪ್ಪಿದರು ಎಂದು ಓದಿದಾಗ ಮೊದಲು ಬೇಸರವಾಯಿತು. ಆಮೇಲೆ ಯೋಚಿಸಿದೆ. ರ‍್ಯಾಲೆ ಅವರ ಮಾತನ್ನು ರಾಮನ್ ಪರೀಕ್ಷಿಸಿದಂತೆ ರಾಮನ್ ಅವರ ಮಾತನ್ನು ಬೇರೆಯವರು ಪರೀಕ್ಷಿಸಿದರು. ದೊಡ್ಡವರ ಹೆಸರು ನೋಡಿ ಯಾರೂ ಸುಮ್ಮನಾಗಲಿಲ್ಲ. ಅವರು ಕಲಿಸಿದ ಪಾಠವೇ ಅದು.

1970ರ ಅಕ್ಟೋಬರ್ 2ರಂದು ಪ್ರತಿ ವರ್ಷದಂತೆ ತಮ್ಮ ಸಂಸ್ಥೆಯಲ್ಲಿ ಗಾಂಧಿ ಸ್ಮಾರಕ ಉಪನ್ಯಾಸ ಕೊಟ್ಟರು. ಆ ತಿಂಗಳ ಕೊನೆಗೆ ಪ್ರಯೋಗಾಲಯದಲ್ಲೇ ಕುಸಿದರು. ಆಸ್ಪತ್ರೆಯಲ್ಲಿ ಕೊನೆಯುಸಿರು ಬಿಡುವುದು ಅವರಿಗೆ ಬೇಕಿರಲಿಲ್ಲ, ತಮ್ಮ ತೋಟದ ಹೂಗಳ ನಡುವೆ ಇರಬೇಕೆಂದು ತಿರುಗಿ ಬಂದರು. ನವೆಂಬರ್ 21ರಂದು, 82ನೇ ವಯಸ್ಸಿನಲ್ಲಿ ತೀರಿಕೊಂಡರು. ಸಂಸ್ಥೆಯ ಆವರಣದಲ್ಲೇ ಆಡಂಬರವಿಲ್ಲದೆ ಅಂತ್ಯಕ್ರಿಯೆ ನಡೆಯಿತು. ಆ ಜಾಗದಲ್ಲಿ ಗುಡಿ ಗೋಪುರವಿಲ್ಲ, ಒಂದು ಮರವಿದೆ. ಅದು ಹೂ ಬಿಡುವ ಮರ.

ಪುಸ್ತಕ ಮುಗಿಸಿದ ಶುಕ್ರವಾರ ಸಂಜೆ ನಾನು ಅಂಗಡಿಗೆ ಹೋದೆ. ಆಗ ಒಬ್ಬ ಅಜ್ಜಿ ಖಣ ಆರಿಸುತ್ತಿದ್ದರು. ಚಾಚಾ ಎಂದಿನಂತೆ ಖಣವನ್ನು ಎತ್ತಿಕೊಂಡು ಬಾಗಿಲ ಹೊರಗೆ ಬಂದು ಬಿಸಿಲಿಗೆ ಹಿಡಿದು ತೋರಿಸಿದರು. ನಾನು ಚಿಕ್ಕಂದಿನಿಂದ ಇದನ್ನು ನೋಡುತ್ತಾ ಬಂದವಳು, ಒಮ್ಮೆಯೂ ಏಕೆಂದು ಕೇಳಿರಲಿಲ್ಲ. ಒಳಗಿನ ದೀಪದ ಬೆಳಕಿನಲ್ಲಿ ಎಲ್ಲ ಬಣ್ಣಗಳೂ ಬಿಸಿಲಿನಷ್ಟು ಸಮನಾಗಿ ಇರುವುದಿಲ್ಲ. ಒಳಗೆ ಒಂದಕ್ಕೊಂದು ಹೊಂದುವ ಸೀರೆ ಕುಪ್ಪಸ ಹೊರಗೆ ಬಂದಾಗ ಬೇರೆ ಬೇರೆ ಕಾಣಬಹುದು. ಏಳನೇ ತರಗತಿಗೇ ಶಾಲೆ ಬಿಟ್ಟ ನಮ್ಮ ಚಾಚಾಗೆ ಇದು ಗೊತ್ತಿತ್ತು. ದ್ವಿತೀಯ ಪಿಯುಸಿ ವಿಜ್ಞಾನ ಓದುವ ನನಗೆ ಗೊತ್ತಿರಲಿಲ್ಲ. ಹೊಲ ನೋಡಿ ಕೃಷಿ ಜ್ಞಾನ ಪ್ರದೀಪಿಕೆ ಬರೆದ ಘನಮಠದ ಶಿವಯೋಗಿಗಳ ಊರು ನಮ್ಮದು. ನೋಡಿ ತಿಳಿಯುವುದು ನಮಗೆ ಹೊಸದಾಗಬಾರದಿತ್ತು.

ನಾವು ವೆಬ್‌ಸೈಟನ್ನು ಮತ್ತೆ ಮಾಡಿದೆವು. ಈಗ ಫೋಟೋ ತೆಗೆಯುವುದು ಬೆಳಗಿನ ಹೊತ್ತು, ಬಾಗಿಲ ನೆರಳಿನಲ್ಲಿ, ಹಗಲ ಬೆಳಕಿನಲ್ಲಿ. ಫಿಲ್ಟರ್ ಇಲ್ಲ. ಹಿನ್ನೆಲೆ ತಿಳಿ ಬೂದು, ಅದರ ಮೇಲೆ ಯಾವ ಸೀರೆಯೂ ತನ್ನ ಬಣ್ಣ ಕಳೆದುಕೊಳ್ಳುವುದಿಲ್ಲ. ಅಕ್ಷರ ಕಪ್ಪು, ಬಿಸಿಲಿನಲ್ಲಿ ನಿಂತು ನೋಡುವವರಿಗೂ ಓದಲು ಬರುತ್ತದೆ. ಕೊಳ್ಳುವ ಗುಂಡಿಗೆ ಮಾತ್ರ ಒಂದೇ ಗಾಢ ಬಣ್ಣ, ಅದರ ಮೇಲೆ ಬರಹವೂ ಇದೆ, ಏಕೆಂದರೆ ಕೆಲವರಿಗೆ ಕೆಂಪು ಹಸಿರು ಬೇರೆಯಾಗಿ ಕಾಣುವುದಿಲ್ಲ. ಪ್ರತಿ ಸೀರೆಯ ಕೆಳಗೆ ಬಣ್ಣದ ಹೆಸರನ್ನು ನಮ್ಮ ಕಡೆಯ ಮಾತಿನಲ್ಲೇ ಬರೆದಿದ್ದೇವೆ: ದಾಳಿಂಬರಿ, ಗಿಳಿಹಸಿರು, ನವಿಲುಬಣ್ಣ. ಪರದೆಗೂ ಬಟ್ಟೆಗೂ ತುಸು ವ್ಯತ್ಯಾಸ ಇರಬಹುದು, ಒಪ್ಪದಿದ್ದರೆ ಹಣ ವಾಪಸು ಎಂಬ ಸಾಲನ್ನು ಚಾಚಾ ಅವರೇ ಹಾಕಿಸಿದರು.

ಪುಟದ ಮೇಲ್ಭಾಗಕ್ಕೆ ಯಾವ ಬಣ್ಣ ಎಂಬುದನ್ನು ಪಟ್ಟಿ ನೋಡಿ ಆರಿಸಲಿಲ್ಲ. ಮೂರು ಬಣ್ಣದ ಮಾದರಿ ಮಾಡಿ, ಅಂಗಡಿಗೆ ಬಂದ ಹೆಂಗಸರಿಗೇ ತೋರಿಸಿ ಕೇಳಿದೆ. ಒಂದೇ ಬಿಳಿ ಒಂದು ಮನೆಗೆ ಶುಭ್ರತೆ, ಇನ್ನೊಂದು ಮನೆಗೆ ಸೂತಕ. ಒಂದೇ ಹಸಿರು ಒಬ್ಬರಿಗೆ ಸೀಮಂತದ ಬಳೆ, ಇನ್ನೊಬ್ಬರಿಗೆ ದರ್ಗಾದ ಚಾದರ, ಮತ್ತೊಬ್ಬರಿಗೆ ಭತ್ತದ ಗದ್ದೆ. ಬಣ್ಣ ಮನಸ್ಸಿನ ಮೇಲೆ ಕೆಲಸ ಮಾಡುತ್ತದೆ ಎಂಬುದು ಸುಳ್ಳಲ್ಲ. ಯಾರ ಮನಸ್ಸಿನ ಮೇಲೆ, ಯಾವ ಊರಿನಲ್ಲಿ, ಯಾವ ಬೆಳಕಿನಲ್ಲಿ ಎಂದು ಕೇಳದೆ ಪಟ್ಟಿ ಮಾಡುವುದು ಸುಳ್ಳು. ಹೆಚ್ಚಿನವರು ದಾಳಿಂಬರಿಯನ್ನೇ ತೋರಿಸಿದರು. ಅದನ್ನೇ ಇಟ್ಟೆವು, ಒಂದು ಸಣ್ಣ ಅಂಚಿನಷ್ಟು.

ಹೊಸ ಪುಟಕ್ಕೆ ಆರ್ಡರ್‌ಗಳು ಈಗಲೂ ನಿಧಾನವಾಗಿಯೇ ಬರುತ್ತಿವೆ. ಆದರೆ ಬಣ್ಣ ಬೇರೆಯಾಯಿತು ಎಂದು ಸೀರೆ ತಿರುಗಿ ಬಂದಿಲ್ಲ. ಹೋದ ತಿಂಗಳು ಆ ನಿಶ್ಚಿತಾರ್ಥದ ಮನೆಯವರು ಮದುವೆಯ ಸೀರೆಗೆಂದು ಸ್ವತಃ ಸಂತೆಕಲ್ಲೂರಿಗೆ ಬಂದರು. ಚಾಚಾ ಸೀರೆಯನ್ನು ಬಿಸಿಲಿಗೆ ಹಿಡಿದು ತೋರಿಸಿದರು. ನಾನು ಪಕ್ಕದಲ್ಲಿ ನಿಂತು ಸೆರಗಿನ ಇನ್ನೊಂದು ತುದಿ ಹಿಡಿದಿದ್ದೆ.

ಗೆಳತಿಯರೇ, ಗೆಳೆಯರೇ, ಫೆಬ್ರವರಿ 28ರಂದು ಭಾಷಣ ಮುಗಿದ ಮೇಲೆ ಒಂದು ಕೆಲಸ ಮಾಡಿ. ಕಾಲೇಜಿನ ಅಂಗಳದಲ್ಲಿರುವ ಯಾವುದಾದರೂ ಒಂದು ಹೂವನ್ನು ಮೊದಲು ಕೊಠಡಿಯ ದೀಪದಲ್ಲಿ, ಆಮೇಲೆ ಬಿಸಿಲಿನಲ್ಲಿ, ಆಮೇಲೆ ಕೆಂಪು ಕಾಗದದ ಮೇಲಿಟ್ಟು ನೋಡಿ. ಕಂಡದ್ದನ್ನು ಬರೆದಿಟ್ಟುಕೊಳ್ಳಿ. ಖರ್ಚು ಏನೂ ಇಲ್ಲ.